ಅರಸಿಯ ಕೆರೆ, ಮೀನಿನ ತಲೆಯೊಳಗಿನ ಒಂದು ಕಾಳು

ಅರಸೀಕೆರೆ ಅಂದ ತಕ್ಷಣ ನಿಮಗೇನು ನೆನಪಾಗುತ್ತೆ? ಬಹುಪಾಲು ಜನಕ್ಕೆ ರೈಲ್ವೆ ಜಂಕ್ಷನ್. ಇನ್ನು ಕೆಲವರಿಗೆ ತೆಂಗಿನಕಾಯಿ. ಹೆಸರಲ್ಲೇ ಇರೋ ಕೆರೆ ಯಾರಿಗೂ ನೆನಪಾಗೋದಿಲ್ಲ! ಅರಸಿಯ ಕೆರೆ, ಅಂದರೆ ರಾಣಿಯ ಕೆರೆ, ಅನ್ನೋದೇ ಬಾಯಿಂದ ಬಾಯಿಗೆ ಸವೆದು ಅರಸೀಕೆರೆ ಆಗಿದ್ದು. ಹಳೇಬೀಡಿನ ಕಥೆಯೂ ಅಷ್ಟೇ. ಊರಿನ ಹಳೆಯ ಹೆಸರೇ ದೋರಸಮುದ್ರ. ಸಮುದ್ರ ಅಂದರೆ ಅಲ್ಲಿರೋ ದೊಡ್ಡ ಕೆರೆ. ಬೇಲೂರಿನಲ್ಲಿ ವಿಷ್ಣುಸಮುದ್ರ ಇದೆ. ಹೊಯ್ಸಳರ ನಾಡನ್ನು ನಾವೆಲ್ಲ ಶಿಲಾಬಾಲಿಕೆಯರ ನಾಡು ಅಂತ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಹೋಗಿ ನೋಡಿ ಬರ್ತೀವಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು ಯುನೆಸ್ಕೋ ಪಟ್ಟಿಗೆ ಸೇರಿದ ಮೇಲಂತೂ ಕೇಳೋದೇ ಬೇಡ. ಆದರೆ ಆ ಊರುಗಳು ಅಲ್ಲಿ ಹುಟ್ಟೋಕೆ ಕಾರಣ ನೀರು.

ಇವತ್ತು ಬರೆಯೋಕೆ ಹೊರಟಿರೋದು ಕೆರೆಯ ಬಗ್ಗೆಯೂ ಅಲ್ಲ, ಅದರೊಳಗಿನ ಮೀನಿನ ಬಗ್ಗೆ. ಇನ್ನೂ ಸರಿಯಾಗಿ ಹೇಳಬೇಕಂದ್ರೆ ಮೀನಿನ ತಲೆಯೊಳಗಿರೋ, ರಾಗಿ ಕಾಳಿಗಿಂತ ಬಹಳ ದೊಡ್ಡದೇನಲ್ಲದ ಒಂದು ಬಿಳಿ ಗ್ರಂಥಿಯ ಬಗ್ಗೆ. ಅದರ ಹೆಸರು ಪಿಟ್ಯುಟರಿ. ಹೊಯ್ಸಳರ ಕೆರೆಗೂ ಈ ಗ್ರಂಥಿಗೂ ಏನು ಸಂಬಂಧ ಅಂತೀರಾ? ಇವತ್ತು ನಮ್ಮ ಕಡೆ ಕೆರೆಗಳಲ್ಲಿ ಹಿಡಿದು ಸಂತೆಗೆ ಬರೋ ಮೀನು ಹೆಚ್ಚಿನಂಶ ಕಾಟ್ಲಾ, ರೋಹು, ಮೃಗಾಲ್. ಈ ಮೂರೂ ಮೂಲತಃ ಗಂಗಾ ಬಯಲಿನ ಕಡೆಯವು. ತಮಾಷೆ ಏನಂದ್ರೆ ಇವು ಕೆರೆಯಲ್ಲಿ ಚೆನ್ನಾಗಿ ತಿಂದು ಕೊಬ್ಬುತ್ತವೆ, ಹೊಟ್ಟೆಯಲ್ಲಿ ಮೊಟ್ಟೆಯೂ ತುಂಬುತ್ತೆ, ಆದರೆ ಇಡೋದಿಲ್ಲ. ನಿಂತ ನೀರಿನಲ್ಲಿ ಒಂದೇ ಒಂದು ಮೊಟ್ಟೆ ಕೂಡ ಇಡೋದಿಲ್ಲ. ಕೊನೆಗೆ ಆ ಮೊಟ್ಟೆ ಹೊಟ್ಟೆಯಲ್ಲೇ ಕರಗಿ ಹೋಗುತ್ತೆ. ಹಾಗಾದರೆ ಪ್ರತಿ ಮಳೆಗಾಲಕ್ಕೂ ಕೆರೆಗೆ ಬೀಳೋ ಸಾವಿರಾರು ಮರಿಗಳು ಎಲ್ಲಿಂದ ಬರ್ತವೆ?

ಅದಕ್ಕೆ ಮುಂಚೆ ಸ್ವಲ್ಪ ಹಿಂದೆ ಹೋಗೋಣ. ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿದ್ದು 1117ರಲ್ಲಿ. ಆಗ ಹೊಯ್ಸಳರು ಹೆಸರಿಗೆ ಕಲ್ಯಾಣದ ಚಾಲುಕ್ಯರ ಸಾಮಂತರು. ಕಲ್ಯಾಣದ ಪಟ್ಟಕ್ಕೆ 1126ರ ಹೊತ್ತಿಗೆ ಬಂದ ಮೂರನೇ ಸೋಮೇಶ್ವರ ಯುದ್ಧಕ್ಕಿಂತ ಬರವಣಿಗೆಯಲ್ಲಿ ಹೆಸರು ಮಾಡಿದವನು. ಅವನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ರಾಜನಾದವನು ತಿಳಿದಿರಬೇಕಾದ ಎಲ್ಲವೂ ಇದೆ. ಅಡುಗೆ, ಆನೆ, ಸಂಗೀತ, ಆಟ. ಅದರಲ್ಲೊಂದು ಭಾಗ 'ಮತ್ಸ್ಯವಿನೋದ', ಅಂದರೆ ಗಾಳ ಹಾಕೋ ಶೋಕಿ. ಯಾವ ಮೀನು ಎಲ್ಲಿರುತ್ತೆ, ಯಾವುದಕ್ಕೆ ಹೊಪ್ಪಳೆ ಇದೆ ಯಾವುದಕ್ಕಿಲ್ಲ, ಯಾವುದಕ್ಕೆ ಏನು ಮೇವು ಹಾಕಿ ಪಳಗಿಸಬೇಕು ಅಂತೆಲ್ಲ ವಿವರ ಇದೆ. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಮೇಲೆ ಒಂದು ಉದ್ದನೆಯ ಲೇಖನವನ್ನೇ ಬರೆದರು. ಮೀನಿನ ವಿಜ್ಞಾನಿಯೊಬ್ಬ ಕನ್ನಡ ನಾಡಿನ ರಾಜನ ಸಂಸ್ಕೃತ ಶ್ಲೋಕ ಹಿಡಿದು ಕೂತಿದ್ದು ನನಗಂತೂ ಬಹಳ ಇಷ್ಟವಾದ ಸಂಗತಿ.

ನೋಡಿ, ಮೀನಿಗೆ ಮೇವು ಹಾಕೋದು ಹನ್ನೆರಡನೇ ಶತಮಾನಕ್ಕೇ ಗೊತ್ತಿತ್ತು. ಹಿಡಿಯೋದಂತೂ ಗೊತ್ತೇ ಇತ್ತು. ಮೀನಿಗೆ ಬೇಕಾದಾಗ ಮೊಟ್ಟೆ ಇಡಿಸೋದು ಮಾತ್ರ ಅದಾದ ಮೇಲೆ ಎಂಟುನೂರು ವರ್ಷ ಯಾರ ಕೈಗೂ ಸಿಗಲಿಲ್ಲ. ಹೊಯ್ಸಳರ ಕಾಲದ ಕೆರೆಗೆ ಅದರ ಅಗತ್ಯವೂ ಅಷ್ಟಿರಲಿಲ್ಲ ಅನ್ನಿ. ಕೊರವ, ಮುರುಗೋಡು, ಚೇಳುಮೀನು, ಸಣ್ಣ ಪಕ್ಕೆ ಇವೆಲ್ಲ ನಮ್ಮವೇ. ಕೆಸರಲ್ಲೂ ಬದುಕ್ತವೆ, ಕೆರೆ ಅಂಚಿನ ತೆಳು ನೀರಲ್ಲೇ ಸಂಸಾರ ಮಾಡ್ತವೆ. ಕೊರವ ಅಂತೂ ಮರಿಗಳ ಹಿಂಡನ್ನು ಕಾಯ್ತಾ ಜೊತೆಯಲ್ಲೇ ಓಡಾಡುತ್ತೆ.

ಬೇಲೂರಿನಿಂದ ಪಶ್ಚಿಮಕ್ಕೆ ಮಲೆನಾಡಿನ ಕಡೆ ಇರೋರಿಗೆ 'ಹತ್ತುಮೀನು' ಅಂದ್ರೆ ವಿವರಿಸಬೇಕಾಗಿಲ್ಲ. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳ ಕೆಂಪಗೆ ಹರಿಯೋಕೆ ಶುರುವಾದ ರಾತ್ರಿ, ಹೊಳೆಯ ಮೀನು ನೀರಿನ ಸೆಳೆತಕ್ಕೆ ಎದುರಾಗಿ ಹಳ್ಳ, ತೋಡು, ಗದ್ದೆಗೆ ಹತ್ತಿ ಬರ್ತವೆ. ಬ್ಯಾಟರಿ, ಕತ್ತಿ, ಕೂಣಿ ಹಿಡ್ಕೊಂಡು ಊರಿಗೆ ಊರೇ ಇಳಿಯುತ್ತೆ. ಅವತ್ತು ಸಿಗೋ ಮೀನಿನ ಹೊಟ್ಟೆ ತುಂಬ ಮೊಟ್ಟೆ. (ರುಚಿ ಅಂತ ತಿನ್ನೋರು ಮುಂದಿನ ವರ್ಷದ ಮೀನನ್ನೇ ತಿಂತಿದ್ದಾರೆ, ಆದರೆ ಮಳೆ ರಾತ್ರಿಯಲ್ಲಿ ಈ ಮಾತನ್ನ ಯಾರಿಗೆ ಹೇಳ್ತೀರಿ!)

ಅಲ್ಲಾ, ಅವತ್ತೇ ಹತ್ತಬೇಕು ಅಂತ ಮೀನಿಗೆ ಹೇಳಿದ್ದು ಯಾರು? ಹಗಲು ಉದ್ದವಾಗ್ತಾ, ನೀರು ಬೆಚ್ಚಗಾಗ್ತಾ ಬೇಸಿಗೆಯಲ್ಲೇ ಮೊಟ್ಟೆ ಬಲಿತಿರುತ್ತೆ. ಆಮೇಲೆ ಹೊಸ ನೀರು ಬರುತ್ತೆ, ಕೆಂಪಾಗಿ, ತಣ್ಣಗೆ, ಹರಿಯುತ್ತಾ. ಮೀನಿನ ಚರ್ಮ, ಮೂಗು, ಕಣ್ಣಿಗೆ ಸಿಕ್ಕ ಈ ಸುದ್ದಿಯೆಲ್ಲ ಮಿದುಳಿನ ತಳದಲ್ಲಿರೋ ಹೈಪೋಥಲಮಸ್ಸಿಗೆ ಬಂದು ಸೇರುತ್ತೆ. ಅದು ತನ್ನ ಕೆಳಗೇ ಜೋತುಬಿದ್ದಿರೋ ಪಿಟ್ಯುಟರಿಗೆ ಒಂದು ಸಣ್ಣ ರಾಸಾಯನಿಕ ಚೀಟಿ ಕಳಿಸುತ್ತೆ. ಪಿಟ್ಯುಟರಿ ತಾನು ಕೂಡಿಟ್ಟ ಗೊನಡೊಟ್ರೋಪಿನ್ ಅನ್ನೋ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತೆ. ಅದು ಅಂಡಾಶಯಕ್ಕೆ ಮುಟ್ಟಿ, ಅಲ್ಲಿ ಇನ್ನೊಂದು ಹಾರ್ಮೋನು ತಯಾರಾಗಿ, ಮೊಟ್ಟೆ ಕೊನೆಯ ಹಂತಕ್ಕೆ ಮಾಗಿ, ಹೊರಗೆ ಬರೋಕೆ ಸಿದ್ಧವಾಗುತ್ತೆ. ಮಳೆಯಿಂದ ಮೊಟ್ಟೆಯವರೆಗೆ ನಾಲ್ಕೈದು ಕೈ ಬದಲಾಯಿಸೋ ಸಂದೇಶ ಇದು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಪಿಟ್ಯುಟರಿ ಮಿಡಲ್‌ವೇರ್. ಮೇಲಿನ ಲೇಯರ್‌ಗೆ ಹೊರಜಗತ್ತು ಗೊತ್ತು, ಕೆಳಗಿನ ಲೇಯರ್‌ಗೆ ಕೆಲಸ ಗೊತ್ತು, ಇದು ಮಧ್ಯದಲ್ಲಿ ಕೂತು ಮೆಸೇಜ್ ದಾಟಿಸುತ್ತೆ :-)

ಕೆರೆಯಲ್ಲಿರೋ ರೋಹುವಿನ ಕಷ್ಟ ಈಗ ಅರ್ಥ ಆಯ್ತಲ್ಲ? ಅದರ ಅಂಡಾಶಯ ಸರಿಯಿದೆ, ಪಿಟ್ಯುಟರಿಯಲ್ಲಿ ಹಾರ್ಮೋನೂ ತುಂಬಿದೆ. ಗಂಗೆಯ ನೆರೆ ಮಾತ್ರ ಇಲ್ಲ. ಹಾಗಾಗಿ ಮೇಲಿನ ಚೀಟಿಯೇ ಬರೋದಿಲ್ಲ. ಇದೇ ಕಾರಣಕ್ಕೆ 1950ರ ದಶಕದವರೆಗೆ ಈ ದೇಶದಲ್ಲಿ ಕಾಟ್ಲಾ ಸಾಕಬೇಕಂದ್ರೆ ಮಳೆಗಾಲದಲ್ಲಿ ಬಂಗಾಳ ಬಿಹಾರದ ನದಿಗಳಲ್ಲಿ ಬಲೆ ಒಡ್ಡಿ, ತೇಲಿ ಬರೋ ಎಳೆ ಮರಿಗಳನ್ನು ಬಾಚಿ, ಮಡಕೆಗಳಲ್ಲಿ ತುಂಬಿ ಹೌರಾದಿಂದ ರೈಲಿಗೆ ಹಾಕಬೇಕಿತ್ತು. ಜೊತೆಗೆ ಕೂತವನು ದಾರಿಯುದ್ದಕ್ಕೂ ನೀರು ಅಲುಗಾಡಿಸ್ತಾ ಇರಬೇಕು, ಇಲ್ಲಾಂದ್ರೆ ಗಾಳಿ ಇಲ್ಲದೆ ಮರಿ ಸಾಯ್ತವೆ. ಬದುಕಿ ಬಂದ ಮರಿಗಳಲ್ಲೂ ಕಾಟ್ಲಾ ಎಷ್ಟು, ಬೇರೆ ಮೀನು ತಿನ್ನೋ ಜಾತಿ ಎಷ್ಟು ಅಂತ ದೇವರೇ ಬಲ್ಲ.

ಇಲ್ಲಿಂದ ಕಥೆ ಸೀದಾ ದಕ್ಷಿಣ ಅಮೆರಿಕಕ್ಕೆ ಹೋಗುತ್ತೆ. ಅರ್ಜೆಂಟೀನಾದ ಬರ್ನಾರ್ಡೋ ಹೂಸೇ ಪಿಟ್ಯುಟರಿಯ ಹಿಂದೆ ಬಿದ್ದ ಶರೀರವಿಜ್ಞಾನಿ. 1930ರಲ್ಲಿ ಮರಿ ಹಾಕೋ ಒಂದು ಜಾತಿಯ ಸಣ್ಣ ಮೀನಿಗೆ ಬೇರೆ ಮೀನಿನ ಪಿಟ್ಯುಟರಿ ಅರೆದು ಚುಚ್ಚಿ, ಅದು ಅವಧಿಗೆ ಮುಂಚೆಯೇ ಮರಿ ಹಾಕಿದ್ದನ್ನು ತೋರಿಸಿದ. (1947ರಲ್ಲಿ ಇವನಿಗೆ ನೊಬೆಲ್ ಬಂತು, ಆದರೆ ಮೀನಿಗಲ್ಲ, ಪಿಟ್ಯುಟರಿಗೂ ಸಕ್ಕರೆಯ ಪಚನಕ್ಕೂ ಇರೋ ನಂಟಿಗೆ.) ಪಕ್ಕದ ಬ್ರೆಜಿಲ್‌ನಲ್ಲಿ ರೊಡೋಲ್ಫೋ ಫಾನ್ ಇಯರಿಂಗ್ ಅದನ್ನೇ ಹಿಡಿದು 1934ರ ಹೊತ್ತಿಗೆ ಮೊಟ್ಟೆ ಇಡೋ ಮೀನುಗಳ ಮೇಲೆ ಪ್ರಯೋಗಿಸಿ ಗೆದ್ದ. ಅವನು ಕೆಲಸ ಮಾಡ್ತಿದ್ದದ್ದು ಎಲ್ಲಿ ಗೊತ್ತಾ? ಬ್ರೆಜಿಲ್‌ನ ಈಶಾನ್ಯದ ಬರಪೀಡಿತ ಪ್ರದೇಶದಲ್ಲಿ. ಅಲ್ಲಿ ಬರಕ್ಕೆ ಅಂತ ಕಟ್ಟಿದ ಕೆರೆಗಳಿದ್ದವು, ಆ ಕೆರೆಗಳಿಗೆ ಮೀನು ಬೇಕಿತ್ತು, ಹೊಳೆಯ ಮೀನು ಕೆರೆಯಲ್ಲಿ ಮೊಟ್ಟೆ ಇಡ್ತಿರಲಿಲ್ಲ. ಥೇಟ್ ಅರಸೀಕೆರೆ! ಒಣ ನೆಲ, ಕಟ್ಟಿದ ಕೆರೆ, ಹರಿಯದ ನೀರು. ಈ ವಿದ್ಯೆ ದೊಡ್ಡ ನದಿಯ ದಡದ ಬದಲು ಬರದ ನಾಡಿನ ಕೆರೆಯ ಏರಿಯ ಮೇಲೆ ಹುಟ್ಟಿದ್ದು ನನಗೆ ಆಕಸ್ಮಿಕ ಅನ್ನಿಸೋದಿಲ್ಲ.

ನಮ್ಮ ದೇಶದಲ್ಲಿ ಮೊದಲು ಕೈ ಹಾಕಿದವರು ಅವಿಭಜಿತ ಪಂಜಾಬಿನ ಹಮೀದ್ ಖಾನ್. 1937ರ ಸುಮಾರಿಗೆ ಪ್ರಾಣಿಗಳ ಪಿಟ್ಯುಟರಿಯ ಸಾರವನ್ನು ಮೃಗಾಲ್‌ಗೆ ಚುಚ್ಚಿ ನೋಡಿದರು. ಅದು ನಂಬಿಕೊಳ್ಳೋ ಹಾಗೆ ಪ್ರತಿಸಲ ಫಲ ಕೊಡೋ ವಿಧಾನ ಆಗಲಿಲ್ಲ. ಆದರೆ ಅವರ ವರದಿ 1938ರಲ್ಲಿ ಪ್ರಕಟವಾದ ಪತ್ರಿಕೆ 'ಕರೆಂಟ್ ಸೈನ್ಸ್', ಅಂದರೆ ನಮ್ಮ ಬೆಂಗಳೂರಿನಿಂದ 1932ರಲ್ಲಿ ಶುರುವಾದ ವಿಜ್ಞಾನ ಪತ್ರಿಕೆ. ಆಮೇಲೆ ಮಹಾಯುದ್ಧ, ದೇಶವಿಭಜನೆ, ಎಲ್ಲ ಆಗಿ ಹೋಯ್ತು.

ಮುಂದಿನ ಹೆಸರು ಹೀರಾಲಾಲ್ ಚೌಧುರಿ. 1921ರಲ್ಲಿ ಸಿಲ್ಹೆಟ್ ಕಡೆ ಹುಟ್ಟಿದವರು. ಕೇಂದ್ರ ಒಳನಾಡು ಮೀನುಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿದ್ದ ಅವರು 1955ರಲ್ಲಿ ಒಂದು ಸಣ್ಣ ಮೀನಿನಲ್ಲಿ ಇದು ಸಾಧ್ಯ ಅಂತ ಕಂಡುಕೊಂಡರು. ಅವರು ಬಳಸಿದ್ದು ಮೀನಿನದೇ ಪಿಟ್ಯುಟರಿ. 1957ರ ಜುಲೈ 10ರಂದು ಒರಿಸ್ಸಾದ ಅಂಗುಲ್‌ನಲ್ಲಿ ಚೌಧುರಿ ಮತ್ತು ಕೆ.ಎಚ್. ಆಲಿಕುಞಿ ಅವರ ತಂಡ ಚುಚ್ಚಿದ ಗೆಂಡೆ ಮೀನುಗಳು ಕೊಳದ ನಿಂತ ನೀರಿನಲ್ಲೇ ಮೊಟ್ಟೆ ಇಟ್ಟವು. ಅದೇ ವರ್ಷ ಇಬ್ಬರೂ ಸೇರಿ ಬರೆದ ಎರಡು ಪುಟದ ವರದಿ ಬಂದಿದ್ದೂ ಅದೇ ಕರೆಂಟ್ ಸೈನ್ಸ್‌ನಲ್ಲಿ! ಹತ್ತೊಂಬತ್ತು ವರ್ಷದ ಅಂತರದಲ್ಲಿ ಪ್ರಶ್ನೆಯೂ ಉತ್ತರವೂ ಒಂದೇ ಬೆಂಗಳೂರಿನ ಪತ್ರಿಕೆಯಲ್ಲಿ. 2001ರಿಂದ ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನ ಅಂತ ಆಚರಿಸ್ತಾರೆ. ಚೌಧುರಿ 2014ರಲ್ಲಿ ತೀರಿಕೊಂಡರು. ಹಸಿರು ಕ್ರಾಂತಿಯ, ಹಾಲಿನ ಕ್ರಾಂತಿಯ ಹೆಸರುಗಳು ಶಾಲೆ ಮಕ್ಕಳಿಗೂ ಬಾಯಿಪಾಠ, ಇವರ ಹೆಸರು ಮಾತ್ರ ಸ್ಪರ್ಧಾತ್ಮಕ ಪರೀಕ್ಷೆಯವರಿಗೂ ಗೊತ್ತಿರೋದು ಕಡಿಮೆ.

ವಿಧಾನ ಕೇಳಿದ್ರೆ ಅಡುಗೆಮನೆ ಕೆಲಸದ ಥರ ಇದೆ. ಬಲಿತ ಮೀನಿನ ತಲೆಬುರುಡೆ ತೆರೆದು, ಮಿದುಳು ಎತ್ತಿ, ಅದರ ಕೆಳಗಿನ ಗುಳಿಯಲ್ಲಿ ಕೂತಿರೋ ಗ್ರಂಥಿಯನ್ನು ಹರಿಯದ ಹಾಗೆ ತೆಗೀಬೇಕು. ನೀರು ಸೋಕದ ಶುದ್ಧ ಆಲ್ಕೊಹಾಲಿನಲ್ಲಿ ಹಾಕಿ ಬಣ್ಣದ ಸೀಸೆಯಲ್ಲಿ ಇಡಬೇಕು. ಬೇಕಾದಾಗ ತೂಕ ಮಾಡಿ, ನೀರು ಹಾಕಿ ಅರೆದು, ತಿಳಿ ತೆಗೆದು ಸಿರಿಂಜಿಗೆ ತುಂಬೋದು. ಹೆಣ್ಣಿಗೆ ಕೆಜಿ ತೂಕಕ್ಕೆ 2-3 ಮಿಲಿಗ್ರಾಂನ ಮೊದಲ ಚುಚ್ಚು, ಆರು ಗಂಟೆ ಬಿಟ್ಟು 5-8 ಮಿಲಿಗ್ರಾಂನ ಎರಡನೇ ಚುಚ್ಚು. ಗಂಡಿಗೆ ಎರಡನೇ ಸಲ ಮಾತ್ರ, 2-3 ಮಿಲಿಗ್ರಾಂ. ಆಮೇಲೆ ನೀರಲ್ಲಿ ಕಟ್ಟಿದ ಬಟ್ಟೆಯ ಪಂಜರಕ್ಕೆ, ಅದಕ್ಕೆ ಹಾಪಾ ಅಂತಾರೆ, ಬಿಟ್ಟರೆ ನಾಲ್ಕಾರು ಗಂಟೆಯಲ್ಲಿ ಮೊಟ್ಟೆ. ಹದಿನೈದು-ಹದಿನೆಂಟು ಗಂಟೆಗೆ ಮರಿ. ಒಂದು ಕೆಜಿಯ ರೋಹು ಎರಡು ಲಕ್ಷಕ್ಕೂ ಹೆಚ್ಚು ಮೊಟ್ಟೆ ಇಡುತ್ತೆ. ಈ ಅಂಕಿ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ನಮ್ಮ ಸೋದರಮಾವ ನಾಲ್ಕು ಜನರ ಜೊತೆ ಸೇರಿ ಊರ ಹತ್ತಿರದ ಒಂದು ಸಣ್ಣ ಕೆರೆಯನ್ನು ಹರಾಜಿನಲ್ಲಿ ಹಿಡಿದಿದ್ದಾರೆ. ಹೋದ ಸಲ ಊರಿಗೆ ಹೋದಾಗ ಕೇಳಿದೆ.

"ಮಾವ, ಮರಿ ಎಲ್ಲಿಂದ ತರ್ತೀರಾ?"

"ಬಿಆರ್‌ಪಿಯಿಂದ ಕಣಪ್ಪ. ಭದ್ರಾ ಡ್ಯಾಮಿನ ಹತ್ರ ಫಾರಂ ಇಲ್ವಾ. ಪ್ಲಾಸ್ಟಿಕ್ ಚೀಲಕ್ಕೆ ನೀರು, ಆಕ್ಸಿಜನ್ ತುಂಬಿ ಕೊಡ್ತಾರೆ."

"ಅಲ್ಲಿ ಇಂಜೆಕ್ಷನ್ ಕೊಟ್ಟು ಮೊಟ್ಟೆ ಇಡಿಸ್ತಾರಂತಲ್ಲ?"

"ಇಡಿಸ್ದೆ ಇನ್ನೇನು? ನಿಮ್ ಅರಸೀಕೆರೆ ಮಳೆ ನಂಬ್ಕೊಂಡ್ರೆ ಮೀನಿಗೂ ಮೊಟ್ಟೆ ಇಲ್ಲ, ನಮಗೂ ಸಾರಿಲ್ಲ."

ಮಾವ ಹೇಳಿದ್ದು ನಿಜ. ಬೇಲೂರಿನ ಕಡೆ ಮಲೆನಾಡಿನ ಸೆರಗು, ಯಗಚಿ ಹರಿಯುತ್ತೆ. ಅಲ್ಲಿಂದ ಪೂರ್ವಕ್ಕೆ ಬರ್ತಾ ಬರ್ತಾ ಮಳೆ ಕರಗ್ತಾ ಹೋಗಿ ಅರಸೀಕೆರೆಗೆ ಬರೋ ಹೊತ್ತಿಗೆ ಬಯಲುಸೀಮೆ. ಮಳೆ ಕೈಕೊಟ್ಟ ವರ್ಷ ಕೆರೆ ತಳ ಕಾಣುತ್ತೆ. ಕೆರೆ ಒಣಗಿದರೆ ಅದರ ಮೀನಿನ ವಂಶವೂ ಅಲ್ಲಿಗೆ ಮುಗೀತು. ಹಾಗಾಗಿ ನೀರು ಬಂದ ಪ್ರತಿ ವರ್ಷ ಹೊಸದಾಗಿ ಬಿತ್ತಲೇಬೇಕು, ಜೋಳ ರಾಗಿಯ ಹಾಗೆ. ಸಾಮಾನ್ಯ ಗೆಂಡೆ ಅಂತ ಇನ್ನೊಂದು ಮೀನಿದೆ, ಪರದೇಶದ್ದು, ಅದು ಜೊಂಡಿನ ಮೇಲೆ ತಾನಾಗಿ ಮೊಟ್ಟೆ ಇಡುತ್ತೆ. ಉಳಿದವಕ್ಕೆ ಸಿರಿಂಜೇ ಗತಿ.

ಈಗ ಗ್ರಂಥಿ ಅರೆಯೋರು ಕಡಿಮೆ. 1971ರಲ್ಲಿ ಆಂಡ್ರ್ಯೂ ಶಾಲಿ ಮತ್ತು ರೋಜರ್ ಗಿಯ್ಮಾ ಅವರ ತಂಡಗಳು ಬೇರೆ ಬೇರೆಯಾಗಿ ಹೈಪೋಥಲಮಸ್ಸಿನ 'ಚೀಟಿ' ಯಾವುದು ಅಂತ ಬಿಡಿಸಿದವು. ಲಕ್ಷಕ್ಕೂ ಹೆಚ್ಚು ಹಂದಿಗಳ ಮಿದುಳಿನ ಚೂರಿನಿಂದ ಶಾಲಿಗೆ ಸಿಕ್ಕಿದ್ದು ಒಂದು ಮಿಲಿಗ್ರಾಂಗಿಂತ ಕಡಿಮೆ! ಹತ್ತೇ ಹತ್ತು ಅಮೈನೋ ಆಮ್ಲಗಳ ಸರ ಅದು. 1977ರ ನೊಬೆಲ್‌ನಲ್ಲಿ ಇಬ್ಬರಿಗೂ ಪಾಲು ಬಂತು. ಸರ ಗೊತ್ತಾದ ಮೇಲೆ ಕಾರ್ಖಾನೆಯಲ್ಲಿ ಮಾಡಬಹುದಲ್ಲ? ಮಾಡಿದರು. ಗೆಂಡೆ ಮೀನಿಗೆ ಚುಚ್ಚಿದರೆ ಪರಿಣಾಮ ಅಷ್ಟಕ್ಕಷ್ಟೆ. ಕಾರಣ ಹುಡುಕಿದವರು ಕೆನಡಾದ ರಿಚರ್ಡ್ ಪೀಟರ್. ಗೆಂಡೆ ಜಾತಿಯಲ್ಲಿ ಡೋಪಮೀನ್ ಅನ್ನೋ ಇನ್ನೊಂದು ರಾಸಾಯನಿಕ ಪಿಟ್ಯುಟರಿಯ ಮೇಲೆ ಬ್ರೇಕ್ ಒತ್ತಿ ಹಿಡಿದಿರುತ್ತೆ. ಎಷ್ಟು ಆಕ್ಸಿಲರೇಟರ್ ತುಳಿದರೂ ಬ್ರೇಕ್ ಬಿಡದೆ ಗಾಡಿ ಹೋಗಲ್ಲ. ಚೀನಾದ ಲಿನ್ ಜೊತೆ ಸೇರಿ ಅವರು ಮಾಡಿದ ಉಪಾಯ, ಎರಡನ್ನೂ ಒಟ್ಟಿಗೆ ಕೊಡೋದು. ಚೀಟಿಯ ನಕಲು ಒಂದು, ಬ್ರೇಕ್ ಬಿಡಿಸೋ ಡೊಂಪೆರಿಡೋನ್ ಇನ್ನೊಂದು. ಹೌದು, ವಾಂತಿ ಆದ್ರೆ ಡಾಕ್ಟರು ನಮಗೆ ಬರೆದುಕೊಡ್ತಾರಲ್ಲ, ಅದೇ ಡೊಂಪೆರಿಡೋನ್! ಸಾಲ್ಮನ್ ಮೀನಿನ ಚೀಟಿಯ ನಕಲಿನ ಜೊತೆ ಇದನ್ನು ಬೆರೆಸಿದ ಓವಪ್ರಿಮ್ 1980ರ ದಶಕದ ಕೊನೆಯ ಹೊತ್ತಿಗೆ ಭಾರತಕ್ಕೂ ಬಂತು. ಆಮೇಲೆ ಓವಟೈಡ್‌ನಂಥ ಇಲ್ಲಿನವೇ ಬಂದವು. ಕೆಜಿಗೆ ಅರ್ಧ ಮಿಲಿಲೀಟರ್ ಒಳಗೆ, ಒಂದೇ ಚುಚ್ಚು, ತಲೆಬುರುಡೆ ಒಡೆಯೋ ಕೆಲಸವಿಲ್ಲ.

ಇಲ್ಲಿ ಗಮನಿಸಬೇಕಾದ್ದು, ಹಳೆ ವಿಧಾನದಲ್ಲಿ ಮೀನಿನ ಸ್ವಂತ ಪಿಟ್ಯುಟರಿಯನ್ನು ಪಕ್ಕಕ್ಕಿಟ್ಟು ಬೇರೆ ಮೀನಿನದನ್ನು ಎರವಲು ತರ್ತಿದ್ವಿ. ಹೊಸದರಲ್ಲಿ ಅದರ ಪಿಟ್ಯುಟರಿಯನ್ನೇ ಎಬ್ಬಿಸ್ತೀವಿ. ಹತ್ತುಮೀನಿಗೆ ಮಳೆ ಹೇಳಿದ್ದನ್ನು ಹಾಪಾದ ಮೀನಿಗೆ ಸಿರಿಂಜ್ ಹೇಳುತ್ತೆ ಅಷ್ಟೆ.

ಕರ್ನಾಟಕದಲ್ಲಿ ಈ ಹಾರ್ಮೋನುಗಳ ಮೇಲೆ ಒಳ್ಳೊಳ್ಳೆ ಕೆಲಸ ಆಗಿದೆ. ಬೆಂಗಳೂರಿನ ಟಾಟಾ ಇನ್ಸ್ಟಿಟ್ಯೂಟಿನಲ್ಲಿ ಎನ್.ಆರ್. ಮೌದ್ಗಲ್ ಕೋತಿಗಳಲ್ಲಿ ಪಿಟ್ಯುಟರಿಯ ಒಂದೊಂದೇ ಹಾರ್ಮೋನನ್ನು ಪ್ರತಿಕಾಯದಿಂದ ತಡೆದು, ಯಾವುದು ಯಾವ ಕೆಲಸ ಮಾಡುತ್ತೆ ಅಂತ ನೋಡಿದರು. ಧಾರವಾಡದಲ್ಲಿ ಎಸ್.ಕೆ. ಸೈದಾಪುರ ಕಪ್ಪೆಗಳ ಸಂತಾನೋತ್ಪತ್ತಿಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಮಂಗಳೂರಿನಲ್ಲಿ 1969ರಲ್ಲಿ ಶುರುವಾದ ಮೀನುಗಾರಿಕೆ ಕಾಲೇಜು ದೇಶಕ್ಕೇ ಮೊದಲನೆಯದು. ಇವುಗಳ ಬಗ್ಗೆ ಬರೆದರೆ ಇನ್ನೊಂದು ಲೇಖನವೇ ಆದೀತು.

ನನಗೆ ಹೇಳಲೇಬೇಕು ಅನ್ನಿಸಿದ್ದು ಬೇರೆ. ಎರಡು ಲಕ್ಷ ಮೊಟ್ಟೆ ಅಂದೆನಲ್ಲ? ನದಿಯಲ್ಲಿ ಮರಿ ಬಾಚುವಾಗ ಸಾವಿರಾರು ಅಪ್ಪ-ಅಮ್ಮಂದಿರ ಮಕ್ಕಳು ಬೆರೆತು ಬರ್ತಿದ್ದರು. ಸಿರಿಂಜ್ ಬಂದ ಮೇಲೆ ಹತ್ತು ಲಕ್ಷ ಮರಿಗೆ ನಾಲ್ಕೈದು ಕೆಜಿ ಹೆಣ್ಣು ಮೀನು ಸಾಕು. ಮುಂದಿನ ವರ್ಷದ ತಾಯಿ-ತಂದೆ ಮೀನು ಎಲ್ಲಿಂದ? ಅದೇ ಫಾರಂನ, ಅದೇ ಮರಿಗಳಲ್ಲಿ ಉಳಿದವು. ಬೇಗ ಬೆಳೆದದ್ದು ಮಾರಾಟಕ್ಕೆ ಹೋಗಿದ್ದರೆ ಉಳಿಯೋದು ಯಾವುದು ಅಂತ ನೀವೇ ಯೋಚಿಸಿ. ಅಂಬೇಕರ್ ಏಕನಾಥ್ ಮತ್ತು ಕೆನಡಾದ ರೋಜರ್ ಡಾಯ್ಲ್ ಇದನ್ನೇ ಲೆಕ್ಕ ಹಾಕಿದರು, ಅದೂ ಕರ್ನಾಟಕದ ಹದಿನೆಂಟು ಮೀನುಮರಿ ಕೇಂದ್ರಗಳಲ್ಲಿ. 1990ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಒಂದೊಂದು ಕೇಂದ್ರದಲ್ಲಿ ನಿಜವಾಗಿ ವಂಶಕ್ಕೆ ಪಾಲು ಕೊಡ್ತಿದ್ದ ಮೀನುಗಳ ಸಂಖ್ಯೆ 3ರಿಂದ 30. ಫಾರಂ ತುಂಬ ಮೀನು ಕಂಡರೂ ಅನುವಂಶಿಕ ಲೆಕ್ಕಕ್ಕೆ ಮೂರೇ! ಒಳಸಂಬಂಧದ ಪ್ರಮಾಣ ಶೇ. 2ರಿಂದ 17ರಷ್ಟು ಏರ್ತಾ ಇತ್ತು. ಸೂತ್ರ ಸುಲಭ, ಆ ಸಂಖ್ಯೆಯನ್ನು ಎರಡರಿಂದ ಗುಣಿಸಿ ಒಂದನ್ನು ಭಾಗಿಸಿ. ಮೂರಾದರೆ ಆರರಲ್ಲೊಂದು, ಅದೇ ಶೇ. 17. ಒಡಹುಟ್ಟಿದವೇ ಕೂಡಿದರೆ ಶೇ. 25. ಅದಕ್ಕೂ ಇದಕ್ಕೂ ಬಹಳ ದೂರವಿಲ್ಲ.

ಇದು ರೈತನ ಕಣ್ಣಿಗೆ ಬೀಳೋ ದೋಷ ಅಲ್ಲ. ಬೆರಳುದ್ದದ ಮರಿ ಎಲ್ಲವೂ ಒಂದೇ ಥರ ಇರ್ತವೆ. ಒಂದೇ ತೊಟ್ಟಿಯಲ್ಲಿ ಎರಡು ಮೂರು ಜಾತಿಗೆ ಒಟ್ಟಿಗೆ ಚುಚ್ಚು ಕೊಟ್ಟರೆ ಕಾಟ್ಲಾ ರೋಹು ಬೆರಕೆಯೂ ಹುಟ್ಟಿಬಿಡುತ್ತೆ. ಚೀಲ ಬಿಚ್ಚುವಾಗ ಅದೂ ಗೊತ್ತಾಗಲ್ಲ. ಎಂಟು ಹತ್ತು ತಿಂಗಳಾದ ಮೇಲೆ ಬಲೆ ಎಳೆದಾಗ ಮೀನು ಅರ್ಧ ಕೆಜಿಗೇ ನಿಂತಿರುತ್ತೆ. ನೀರು ಕಡಿಮೆ ಆಯ್ತು, ಮೇವು ಸಾಲಲಿಲ್ಲ, ದೃಷ್ಟಿ ಆಯ್ತು ಅಂತ ಏನೇನೋ ಅಂದುಕೊಳ್ತಾರೆ. ಹರಾಜಿನ ದುಡ್ಡು ಮಾತ್ರ ಕಟ್ಟಿ ಆಗಿರುತ್ತೆ.

ದಾರಿ ಇಲ್ಲ ಅಂತಲ್ಲ. ಭುವನೇಶ್ವರದ ಸಿಹಿನೀರು ಸಂಶೋಧನಾ ಸಂಸ್ಥೆ ನಾರ್ವೆಯವರ ಜೊತೆ ಸೇರಿ ಬೇರೆ ಬೇರೆ ನದಿಗಳ ರೋಹು ತಂದು, ಲೆಕ್ಕ ಇಟ್ಟು, ಆರಿಸಿ ಆರಿಸಿ ತಳಿ ಎಬ್ಬಿಸಿತು. ಸ್ವಾತಂತ್ರ್ಯದ ಐವತ್ತನೇ ವರ್ಷ, 1997ರಲ್ಲಿ 'ಜಯಂತಿ' ಅಂತ ಹೆಸರಿಟ್ಟರು. ಅದೂ ಸಿರಿಂಜಿನಿಂದಲೇ ಹುಟ್ಟೋದು, ಆದರೆ ಯಾರು ಯಾರ ಮಗ ಅನ್ನೋ ಪುಸ್ತಕ ಪಕ್ಕದಲ್ಲಿರುತ್ತೆ.

ಇದನ್ನೆಲ್ಲ ಮಾವನಿಗೆ ಫೋನಿನಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ಫಾರಂನಲ್ಲಿ ಏನಂತ ಕೇಳ್ಬೇಕು ಹೇಳು" ಅಂದ್ರು. ತಾಯಿ ಮೀನು ಎಲ್ಲಿಂದ ತಂದದ್ದು, ಬದಲಾಯಿಸಿ ಎಷ್ಟು ವರ್ಷ ಆಯ್ತು, ಒಂದೊಂದು ಜಾತಿಗೆ ಬೇರೆ ಬೇರೆ ತೊಟ್ಟಿಯಲ್ಲಿ ಮೊಟ್ಟೆ ಇಡಿಸ್ತೀರಾ, ಈ ಮೂರು ಕೇಳಿ ಅಂದೆ. ಬೀಡಿ ಕಟ್ಟಿನ ಮೇಲೆ ಬರ್ಕೊಂಡಿದ್ದಾರಂತೆ.